ಕಂಬಳಿ ಮತ್ತು ಸೈಲೆನ್ಸರ್ ಪೈಪು

ಹೇಮಾವತಿ ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮ. ಅಲ್ಲಿ ತಾತಯ್ಯ ಎಂಬ ಗುರುಗಳಿದ್ದರು, ಕೆಲವರು ಶಿಷ್ಯರಿದ್ದರು, ಒಂದು ಹಳೇ ಕಾರಿತ್ತು. ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದದ್ದು ಕಾರು.

ಇಲ್ಲ, ತಪ್ಪು ಹೇಳಿದೆ. ಹೆಚ್ಚು ಸದ್ದು ಮಾಡುತ್ತಿದ್ದದ್ದು ಶಂಭುಲಿಂಗನ ತಲೆ.

ಶಂಭುಲಿಂಗ ಮೊದಲು ಬಸ್ಸಿನ ಕಂಡಕ್ಟರ್ ಆಗಿದ್ದವನು. ಅರ್ಧ ಆಯಸ್ಸು ನಿಂತೇ ಕಳೆದಿದ್ದ. ಬಸ್ಸು ಬಿಟ್ಟು ಆಶ್ರಮಕ್ಕೆ ಬಂದರೆ ಇಲ್ಲಿ ಕೂರು ಎಂದರು. ಅವನಿಗೆ ಬಾರದಿದ್ದ ವಿದ್ಯೆ ಅದೊಂದೇ.

ಕಣ್ಣು ಮುಚ್ಚಿದರೆ ಮೊಣಕಾಲು ಕುಣಿಯುತ್ತಿತ್ತು. ಮೊಣಕಾಲು ಹಿಡಿದುಕೊಂಡರೆ ಮನಸ್ಸು ಕುಣಿಯುತ್ತಿತ್ತು. ಬೇಳೆ ಡಬ್ಬದ ಮುಚ್ಚಳ ಹಾಕಿದೆನೋ ಇಲ್ಲವೋ. ಎಂದೋ ತಪ್ಪು ಸ್ಟಾಪಿನಲ್ಲಿ ಇಳಿಸಿದ್ದ ಒಬ್ಬಳು ಮುದುಕಿ ಆವತ್ತು ಮನೆ ಸೇರಿದಳೋ ಇಲ್ಲವೋ.

ಮುದುಕಿಯ ವಿಷಯಕ್ಕೆ ಈಗ ಏನೂ ಮಾಡುವಂತಿರಲಿಲ್ಲ. ಆದ್ದರಿಂದ ಎದ್ದು ಹೋಗಿ ಡಬ್ಬದ ಮುಚ್ಚಳ ನೋಡಿ ಬರುತ್ತಿದ್ದ. ಹಾಕಿರುತ್ತಿತ್ತು.

ಅವನ ಚಡಪಡಿಕೆ ನೋಡಲಾರದೆ ತಾತಯ್ಯ ಕಾರಿನ ಕೀಲಿಕೈ ಅವನ ಕೈಗೆ ಕೊಟ್ಟಿದ್ದರು. ಸಂತೆ ದಿನ ಪಟ್ಟಣಕ್ಕೆ ಹೋಗಿ ದಿನಸಿ ತರುವುದು ಅವನ ಕೆಲಸ. ಅಡುಗೆಯ ಹಾಲಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದೂ ಅವನ ಕೆಲಸವೇ. ಹಾಲಮ್ಮನಿಗೆ ಎದೆನೋವಿತ್ತು. ಪ್ರತಿ ಸಂತೆ ದಿನ ಡಾಕ್ಟರು ನೋಡಿ ಸೂಜಿ ಚುಚ್ಚಬೇಕು. ಬಸ್ಸು ನಿಲ್ಲುವ ರಸ್ತೆ ದೂರ, ಅಲ್ಲಿವರೆಗೆ ನಡೆಯುವ ಶಕ್ತಿ ಅವಳಲ್ಲಿರಲಿಲ್ಲ.

ಆಶ್ರಮದ ಗದ್ದುಗೆ ಮನೆಯಲ್ಲಿ ಒಂದು ಗೂಟ, ಗೂಟದಲ್ಲಿ ಒಂದು ಕರೀ ಕಂಬಳಿ. ತಾತಯ್ಯನವರ ಗುರುಗಳಾದ ದೊಡ್ಡಯ್ಯನವರು ತಾತಯ್ಯನವರಿಗೆ ಕೊಟ್ಟದ್ದು. ಮನಸ್ಸು ನಿಂತವನಿಗೆ ಆ ಕಂಬಳಿ ಎಂದು ಎಲ್ಲರೂ ಹೇಳುತ್ತಿದ್ದರು. ಅದನ್ನು ಹೊದ್ದವನು ಗದ್ದುಗೆಯ ಪಕ್ಕ ಕೂತು ಮಿಕ್ಕವರಿಗೆ ದಾರಿ ತೋರಿಸಬೇಕು ಎಂದೂ ಹೇಳುತ್ತಿದ್ದರು. ತಾತಯ್ಯ ಮಾತ್ರ ಹಾಗೆ ಯಾವತ್ತೂ ಹೇಳಿರಲಿಲ್ಲ. ಅವರು ಹೇಳಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ದೊಡ್ಡಯ್ಯನವರು ಕೂತ ಹಾಗೇ ಸಮಾಧಿಯಾದವರು. ಆ ಬೆಳಗ್ಗೆ ಅವರ ಮುಖ ಎಷ್ಟು ಶಾಂತವಾಗಿತ್ತು ಎಂಬುದನ್ನು ಆಗಿನ್ನೂ ಹುಟ್ಟದಿದ್ದವರೂ ಬಾಯ್ತುಂಬ ವರ್ಣಿಸುತ್ತಿದ್ದರು.

ಶಂಭುಲಿಂಗನಿಗೆ ಆ ಕಂಬಳಿ ಬೇಕಿತ್ತು. ಹಸಿದವನಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ಮಾಗಿಯ ಚಳಿ ಶುರುವಾಗಿತ್ತು. ಒಂದು ಸಂತೆ ದಿನ ಅವನು ಪಟ್ಟಣದಿಂದ ಬಂದವನೇ ಚಪ್ಪಲಿಯನ್ನೂ ಬಿಡದೆ ತಾತಯ್ಯನವರ ಮುಂದೆ ನಿಂತ.

“ಗುರುಗಳೇ, ನಿಂತಿತು.”

“ಕಾರಾ?”

“ಮನಸ್ಸು.”

ತಾತಯ್ಯ ಅವನ ಮುಖ ನೋಡಿದರು. ಕೆನ್ನೆ ಕೆಂಪಗಿತ್ತು, ಕಣ್ಣು ಎಲ್ಲೋ ಇತ್ತು. ಹೇಗಾಯಿತು ಹೇಳು ಎಂದರು.

ಅವನು ಹೇಳಿದ. ಹಾಲಮ್ಮ ಆಸ್ಪತ್ರೆಯೊಳಗೆ ಹೋಗಿದ್ದಾಗ ಅವನು ಅಂಗಳದಲ್ಲಿ ಕಾರಿನ ಹಿಂದಿನ ಸೀಟಿನಲ್ಲೇ ಕೂತಿದ್ದ. ಹೊರಗೆ ಧೂಳು, ಚಳಿ, ಸಂತೆಯ ಗಲಾಟೆ. ಕಿಟಕಿಗಳನ್ನೆಲ್ಲ ಏರಿಸಿ ಕಣ್ಣು ಮುಚ್ಚಿದ. ಮೊದಮೊದಲು ಎಂದಿನಂತೆ ತಲೆಯೊಳಗೆ ಜಾತ್ರೆ. ಆಮೇಲೆ ಒಂದೊಂದೇ ಯೋಚನೆ ಮಂಕಾಯಿತು. ಮೊಣಕಾಲು ತಣ್ಣಗಾಯಿತು. ಬೇಳೆ ಡಬ್ಬ ಇಲ್ಲ, ಮುದುಕಿ ಇಲ್ಲ, ತಾನೂ ಇಲ್ಲ.

ಆಮೇಲೆ ಎಂದು ತಾತಯ್ಯ ಕೇಳಿದರು. ಹುಬ್ಬುಗಳ ನಡುವೆ ಯಾರೋ ಹಗ್ಗ ಬಿಗಿದ ಹಾಗಾಯಿತು ಎಂದ. ಹಸಿವು ಆಯಿತಾ ಎಂದರು. ಹಸಿವೆಂಬುದೇ ಹೋಗಿದೆ, ಅನ್ನ ನೆನೆದರೆ ವಾಕರಿಕೆ ಬರುತ್ತದೆ ಎಂದ. ಅದನ್ನೂ ಅವನು ಹೆಮ್ಮೆಯಿಂದಲೇ ಹೇಳಿದ.

“ಹೊಳೆ ದಂಡೇಲಿ ಕೂತಾಗ ಬರ್ತದಾ?”

“ಇಲ್ಲ.”

“ಗದ್ದುಗೆ ಮುಂದೆ?”

“ಇಲ್ಲ ಗುರುಗಳೇ. ಕಾರಲ್ಲಿ ಮಾತ್ರ.”

ತಾತಯ್ಯ “ಮುಂದಿನ ಸಂತೆ ಆಗಲಿ, ನೋಡೋಣ” ಎಂದರು.

ಶಂಭುಲಿಂಗನಿಗೆ ಅಷ್ಟು ಸಾಕಾಗಿತ್ತು. ಗದ್ದುಗೆ ಮನೆ ಕಸ ಗುಡಿಸುವ ನೆಪದಲ್ಲಿ ಹೋಗಿ ಕಂಬಳಿ ಮುಟ್ಟಿ ಬಂದ.

ಅವನು ಗುರುಗಳಿಗೆ ಹೇಳದೇ ಬಿಟ್ಟ ಸಂಗತಿ ಒಂದಿತ್ತು. ಮುಚ್ಚಿಡಬೇಕೆಂದೇನೂ ಅಲ್ಲ, ಅದು ಹೇಳುವಂಥದ್ದೆಂದು ತೋಚಲಿಲ್ಲ, ಅಷ್ಟೆ. ಆ ಕಾರು ಬೆಳಗ್ಗೆ ತಣ್ಣಗಿರುವಾಗ ಕೀ ತಿರುಗಿಸಿದರೆ ಶುರುವಾಗುತ್ತಿತ್ತು. ಬಿಸಿಯಾದ ಮೇಲೆ ನಿಲ್ಲಿಸಿದರೆ ಮುಗಿಯಿತು, ಊರ ಜನ ಸೇರಿ ತಳ್ಳಬೇಕು. ಹಾಗಾಗಿ ಆಸ್ಪತ್ರೆಯ ಅಂಗಳದಲ್ಲಿ ಅವನು ಎಂಜಿನ್ ಆರಿಸುತ್ತಲೇ ಇರಲಿಲ್ಲ. ಕಾರಿನಡಿ ಸೈಲೆನ್ಸರ್ ಪೈಪು ಬುಡುಬುಡು ಎನ್ನುತ್ತಿತ್ತು. ಆ ಸದ್ದು ಕೇಳಬಾರದೆಂದೇ ಅವನು ಕಿಟಕಿ ಇನ್ನಷ್ಟು ಬಿಗಿಯಾಗಿ ಹಾಕುತ್ತಿದ್ದ.

ಹಾಲಮ್ಮ ಹೇಳಿದ್ದಳು. ಆ ಕಾರು ಹತ್ತಿದರೆ ತಲೆ ಸಿಡಿಯುತ್ತದೆ ಎಂದು ಒಂದು ಸಲವಲ್ಲ, ಬಹಳ ಸಲ ಹೇಳಿದ್ದಳು. ಅದು ಒಳಗಿನ ಕೊಳೆ ಕಳೆಯುವ ನೋವು, ತಡೆದುಕೊಳ್ಳಬೇಕು ಎಂದು ಶಂಭುಲಿಂಗ ಅವಳಿಗೆ ಉಪದೇಶ ಮಾಡಿದ್ದ. ಕಂಬಳಿ ಇನ್ನೂ ಗೂಟದಲ್ಲೇ ಇತ್ತು. ಉಪದೇಶ ಆಗಲೇ ಶುರುವಾಗಿತ್ತು.

ಮುಂದಿನ ಸಂತೆ ದಿನ ಬಂತು.

ಆವತ್ತು ಮಧ್ಯಾಹ್ನ ತಾತಯ್ಯ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾರು ಬಂದು ಹೊಂಗೆ ಮರದಡಿ ನಿಂತಿತು. ಶಂಭುಲಿಂಗ ಇಳಿದ. ಸ್ವಲ್ಪ ಓಲಾಡುತ್ತ ನಡೆದು ಬಂದ, ಮುಖದಲ್ಲಿ ನಗು.

“ಗುರುಗಳೇ, ಇವತ್ತು ಹಾಲಮ್ಮಂಗೂ ಬಂದಿದೆ. ದಾರೀಲಿ ಎಷ್ಟು ಕರೆದರೂ ಮಾತಿಲ್ಲ. ಅಷ್ಟು ಆಳಕ್ಕೆ ಹೋಗಿದ್ದಾಳೆ.”

ತಾತಯ್ಯ ಎದ್ದ ರಭಸಕ್ಕೆ ಮೊರ ಉರುಳಿ ಅವರೆಕಾಳು ಅಂಗಳದ ತುಂಬ ಚೆಲ್ಲಿತು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಹಿಂದಿನ ಬಾಗಿಲು ತೆಗೆದರು. ಹಾಲಮ್ಮನ ತಲೆ ಎದೆಯ ಮೇಲೆ ಬಿದ್ದಿತ್ತು, ಕೈಚೀಲ ಜಾರಿ ಕಾಲ ಬಳಿ ಇತ್ತು.

“ಹಿಡ್ಕೋ ಕಾಲು” ಎಂದರು. ಇಬ್ಬರೂ ಸೇರಿ ಅವಳನ್ನು ಎತ್ತಿ ಹೊಳೆಯ ಕಡೆ, ಗಾಳಿ ಬೀಸುವಲ್ಲಿಗೆ ಒಯ್ದು ಮಲಗಿಸಿದರು. ಊರಿನ ನರ್ಸಮ್ಮನಿಗೆ ಹೇಳಿಕಳಿಸಿದರು.

ಶಂಭುಲಿಂಗ ಪಕ್ಕದಲ್ಲಿ ನಿಂತಿದ್ದ. ಗಾಳಿಗೆ ಅವನ ತಲೆಯೂ ಒಂದಿಷ್ಟು ತಿಳಿಯಾಯಿತು. ಹಾಲಮ್ಮನ ಮುಖ ನೋಡಿದ. ಶಾಂತವಾಗಿತ್ತು. ಅವನಿಗೆ ಮೊದಲ ಸಲ ಆ ಶಾಂತಿ ಕಂಡು ಭಯವಾಯಿತು.

ಬಹಳ ಹೊತ್ತಿನ ಮೇಲೆ ಹಾಲಮ್ಮ ಕೆಮ್ಮಿದಳು, ವಾಂತಿ ಮಾಡಿಕೊಂಡಳು. ಕಣ್ಣು ಬಿಟ್ಟು, ಸಾರಿಗೆ ಬೇಳೆ ಹಾಕಬೇಕಿತ್ತು, ಹೊತ್ತಾಯಿತಾ ಎಂದು ಕೇಳಿದಳು. ನರ್ಸಮ್ಮ ಬಂದು ನೋಡಿ, ಇನ್ನೊಂದು ಸ್ವಲ್ಪ ತಡವಾಗಿದ್ದರೆ ತನ್ನನ್ನು ಕರೆಸುವ ಅಗತ್ಯವೇ ಇರುತ್ತಿರಲಿಲ್ಲ ಎಂದಳು.

ತಾತಯ್ಯ ಕಾರಿನ ಬಳಿ ಹೋದರು. ಹಿಂದಿನ ಸೀಟಿನ ಕೆಳಗಿನ ಚಾಪೆ ಎತ್ತಿದರು. ನೆಲದ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಸುತ್ತ ಮಸಿ. ಬೆರಳಿನಿಂದ ಒರೆಸಿ ಶಂಭುಲಿಂಗನ ಮುಂದೆ ಹಿಡಿದರು.

“ಎಂಜಿನ್ ಓಡ್ತಿತ್ತಾ, ನಿಂಗೆ ಮನಸ್ಸು ನಿಂತಾಗ?”

“ಹೂಂ. ಆರಿಸಿದ್ರೆ ತಳ್ಳಬೇಕಲ್ಲ.”

ಕಾರಿನಡಿ ಪೈಪು ಒಡೆದಿದೆ ಎಂದು ತಾತಯ್ಯ ಹೇಳಿದರು. ಹೊಗೆ ಹಿಂದಕ್ಕೆ ಹೋಗದೆ ಈ ತೂತುಗಳಿಂದ ಒಳಗೆ ಬರುತ್ತಿದೆ. ಕಿಟಕಿ ಮುಚ್ಚಿ ಅದನ್ನು ಕುಡಿದರೆ ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಏಳುವುದಿಲ್ಲ.

ಶಂಭುಲಿಂಗ ಬೆರಳ ಮಸಿಯನ್ನೇ ನೋಡುತ್ತ ನಿಂತ. ಅವನ ಅರ್ಧ ಮನಸ್ಸಿಗೆ ಅರ್ಥವಾಗಿತ್ತು. ಇನ್ನರ್ಧ ಸೋಲಲು ತಯಾರಿರಲಿಲ್ಲ.

“ಹಾಲಮ್ಮಂಗೆ ಹೊಗೆ ಇರಬಹುದು ಗುರುಗಳೇ. ನನಗಾಗಿದ್ದು ಬೇರೆ.”

ಬೈಯುತ್ತಾರೆ ಎಂದುಕೊಂಡಿದ್ದ. ತಾತಯ್ಯ ಬೈಯಲಿಲ್ಲ.

“ಇರಬಹುದು. ಪೈಪು ಬದಲಾಯಿಸು. ನೀನೇ ಬದಲಾಯಿಸು, ಇಲ್ಲೇ. ಆಮೇಲೆ ಕಿಟಕಿ ಹಾಕ್ಕೊಂಡು ಎಂಜಿನ್ ಓಡಿಸ್ತಾ ಅದೇ ಸೀಟಲ್ಲಿ ಕೂತ್ಕೋ. ಆಗಲೂ ಬಂದರೆ ಕಂಬಳಿ ನಿನ್ನದು.”

ಪಟ್ಟಣದ ಮೆಕ್ಯಾನಿಕ್ಕಿಗೆ ತೋರಿಸಬಹುದಲ್ಲ ಎಂದು ಅವನು ಕೇಳಿದ. ಪಟ್ಟಣದವರೆಗೆ ಅದರಲ್ಲಿ ಕೂತು ಹೋಗುವವರು ಯಾರು ಎಂದು ತಾತಯ್ಯ ಕೇಳಿದರು. ಫೋನ್ ಮಾಡಿದರೆ ಮೆಕ್ಯಾನಿಕ್ ಮಗಳ ಮದುವೆಯ ಗಡಿಬಿಡಿಯಲ್ಲಿದ್ದ. ಮುಂದಿನ ಸಂತೆಗೆ ಹಾಲಮ್ಮನಿಗೆ ಸೂಜಿ ತಪ್ಪಿಸುವಂತಿಲ್ಲ. ಜರಡಿಯಾದ ನೆಲವನ್ನು ಕಾರು ಓಡುವಂತಾದ ಮೇಲೆ ಪಟ್ಟಣದಲ್ಲಿ ಬೆಸುಗೆ ಹಾಕಿಸೋಣ, ಮೊದಲು ಹೊಗೆ ನಿಲ್ಲಲಿ ಎಂದಾಯಿತು.

ಶಂಭುಲಿಂಗ ಬಸ್ಸಿನಲ್ಲಿ ಹೋಗಿ ಹೊಸ ಪೈಪು ತಂದ. ಬಸ್ಸಿನ ಮೇಲೆ ಕಟ್ಟಿಕೊಂಡು ಬರುವಾಗ ಹಳೆಯ ಜೊತೆಗಾರರು ಬಿಟ್ಟಾರೆಯೇ.

“ಏನಪ್ಪಾ ಶಂಭು, ಸ್ವಾಮಿ ಆಗ್ತೀನಿ ಅಂತ ಹೋದೋನು ಕೈಯಲ್ಲಿ ದಂಡ ಹಿಡ್ಕೊಂಡು ಬರ್ತೀಯ ಅಂದ್ಕೊಂಡಿದ್ವಿ. ಇದೇನು, ಹೊಗೆ ಕೊಳವೆ ಹಿಡ್ಕೊಂಡು ಬಂದಿದ್ದೀಯ?”

ಅವನು ಕೂರಲು ಜಾಗವಿದ್ದರೂ ಫುಟ್‌ಬೋರ್ಡಿನ ಬಳಿ ನಿಂತೇ ಬಂದ.

ಮಾರನೇ ದಿನ ಕಾರಿನ ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿದ. ಎತ್ತಿದವನೇ ಕೆಳಗೆ ನುಗ್ಗಲು ಹೊರಟ.

ತಾತಯ್ಯ ಬಂದು ಕಾರಿಗೆ ಸೊಂಟ ಕೊಟ್ಟು ಒಂದು ಸಲ ನೂಕಿದರು. ಕಾರು ಜಾಕಿನ ಮೇಲೆ ಅಲ್ಲಾಡಿತು. ಅವರು ಜಗಲಿಗೆ ಹೋಗಿ ಕೂತರು.

ಶಂಭುಲಿಂಗ ಹೊಳೆಯ ದಡದಿಂದ ಚಪ್ಪಡಿ ಕಲ್ಲುಗಳನ್ನು ಹೊತ್ತು ತಂದು ಕಾರಿನಡಿ ಪೇರಿಸಿದ, ಚಕ್ರಗಳಿಗೆ ಕಲ್ಲು ಅಡ್ಡ ಇಟ್ಟ. ತಾತಯ್ಯ ಮತ್ತೆ ಬಂದು ನೂಕಿದರು. ಕಾರು ಅಲ್ಲಾಡಲಿಲ್ಲ.

“ಈಗ ಹೋಗು” ಎಂದರು.

ಕೆಳಗೆ ಮಲಗಿ ನೋಡಿದರೆ ಹಳೇ ಪೈಪು ತುಕ್ಕಿನ ಮುದ್ದೆ. ಅದು ಮುಂದೆ ಎಂಜಿನ್ನಿನಿಂದ ಬರುವ ಕೊಳವೆಗೂ ಹಿಂದೆ ಸೈಲೆನ್ಸರ್ ಡಬ್ಬಕ್ಕೂ ಸೇರಿಕೊಂಡಿತ್ತು. ಮುಂದಿನ ಸೇರುವೆಯಲ್ಲಿ ನಟ್ಟು-ಬೋಲ್ಟು. ಹಿಂದಿನ ಸೇರುವೆಯಲ್ಲಿ ಬಳೆಯ ಹಾಗೆ ಸುತ್ತಿ ಬಿಗಿಯುವ ಕ್ಲಾಂಪು. ಅದು ಸರಿಯಾಗಿ ಹಿಂದಿನ ಸೀಟಿನ ತೂತುಗಳ ಕೆಳಗೇ ಇತ್ತು.

ಸ್ಪ್ಯಾನರ್ ಹಾಕಿ ಎಳೆದ. ನಟ್ಟು ಜಗ್ಗಲಿಲ್ಲ. ಇನ್ನೂ ಜೋರಾಗಿ ಎಳೆದ. ಸ್ಪ್ಯಾನರ್ ಜಾರಿ ಕೈಗೆಣ್ಣು ತರಚಿತು, ನಟ್ಟಿನ ಮೂಲೆಗಳು ಸವೆದವು. ಅವನು ಕೆಳಗಿಂದಲೇ ನಟ್ಟನ್ನು ಬೈದ, ಕಾರನ್ನು ಬೈದ, ಕಂಡಕ್ಟರ್ ಕಾಲದ ಒಂದೆರಡು ಮಾತೂ ಬಂದುಬಿಟ್ಟವು.

“ಎಣ್ಣೆ ಹಾಕಿ ಈಚೆ ಬಾ” ಎಂದರು ತಾತಯ್ಯ.

“ಎಷ್ಟು ಹೊತ್ತು ಬಿಡಬೇಕು?”

“ಅದು ಬಿಡೋವರೆಗೂ.”

“ಅಲ್ಲೀವರೆಗೆ ನಾನೇನು ಮಾಡಲಿ?”

ತಾತಯ್ಯ ಅವರೆಕಾಯಿಯ ಬುಟ್ಟಿ ಅವನ ಕಡೆ ತಳ್ಳಿದರು.

ಅವನು ಸುಲಿದ. ನಾಲ್ಕು ಕಾಯಿ ಸುಲಿದು ಎದ್ದು ಹೋಗಿ ನಟ್ಟು ನೋಡಿದ. ಬಂದು ಕೂತ. ಮತ್ತೆ ಎದ್ದ. ಬೇಳೆ ಡಬ್ಬದ ಮುಚ್ಚಳದಂತೆಯೇ ನಟ್ಟು ಇದ್ದಲ್ಲೇ ಇತ್ತು. ಸಿಪ್ಪೆಯನ್ನು ಮೊರಕ್ಕೂ ಕಾಳನ್ನು ಕಸಕ್ಕೂ ಹಾಕುತ್ತಿದ್ದುದನ್ನು ಹಾಲಮ್ಮ ನೋಡಿ ಬುಟ್ಟಿ ಕಿತ್ತುಕೊಂಡಳು. ಅವಳ ಮುಖ ಇನ್ನೂ ಬಿಳುಚಿಕೊಂಡಿತ್ತು. ಅವನಿಗೆ ಅವಳ ಕಡೆ ನೋಡಲಾಗಲಿಲ್ಲ.

“ಬೈಕೊಳ್ಳೋ ಹಾಗಿದ್ರೆ ಬೈಕೋ ಹಾಲಮ್ಮ” ಎಂದ.

“ನಿನ್ನ ಬೈದು ನನ್ನ ಎದೆನೋವು ಜಾಸ್ತಿ ಮಾಡ್ಕಳ್ಳಾ? ಸೂಜಿ ದಿನಕ್ಕೆ ಕಾರು ಸರಿ ಮಾಡು, ಸಾಕು.”

ಒಂದು ನಟ್ಟು ಎಣ್ಣೆ ಕುಡಿದು ಬಿಟ್ಟುಕೊಟ್ಟಿತು. ಮೂಲೆ ಸವೆದದ್ದು ಬಿಡಲಿಲ್ಲ, ಅದನ್ನು ಗರಗಸದ ಬ್ಲೇಡಿನಿಂದ ಕೊಯ್ಯಬೇಕಾಯಿತು. ಮಲಗಿಕೊಂಡು, ಕೈ ಮೇಲೆತ್ತಿಕೊಂಡು, ಕಣ್ಣಿಗೆ ತುಕ್ಕು ಉದುರಿಸಿಕೊಂಡು ಕೊಯ್ದ. ನಡುನಡುವೆ ಎದ್ದು ಹೊಳೆಯ ತನಕ ಹೋಗಿ ಸುಮ್ಮನೆ ವಾಪಸು ಬಂದ.

ಕೊನೆಗೆ ಹಳೇ ಪೈಪು ದಡಾರನೆ ನೆಲಕ್ಕೆ ಬಿತ್ತು. ಈಚೆ ಎಳೆದು ಬಿಸಿಲಿನಲ್ಲಿ ತಿರುಗಿಸಿ ನೋಡಿದ. ಮೇಲುಗಡೆ ಮುಷ್ಟಿ ಹೋಗುವಷ್ಟು ದೊಡ್ಡ ತೂತು. ತನ್ನ ಮುಷ್ಟಿ ಹಾಕಿಯೂ ನೋಡಿದ. ಕೈ ಮಣಿಕಟ್ಟಿನ ತನಕ ಕಪ್ಪಾಯಿತು.

ಇಷ್ಟು ನೋಡಿದ ಮೇಲೂ ಅವನು ಒಪ್ಪಲಿಲ್ಲ. ಬೇರೆಯವರು ನಂಬಿಸಿದ ಸುಳ್ಳನ್ನು ಬಿಡುವುದು ಸುಲಭ. ಇದು ಅವನಿಗೇ ಆದದ್ದು. ಇಡೀ ಜನ್ಮದಲ್ಲಿ ಅವನ ತಲೆ ಸುಮ್ಮನಿದ್ದದ್ದು ಆ ಕಾರಿನಲ್ಲಿ ಮಾತ್ರ. ಅದನ್ನು ಹೊಗೆ ಎಂದುಬಿಟ್ಟರೆ ಅವನಿಗೆ ಮಿಕ್ಕುವುದು ಮೊಣಕಾಲು, ಮುದುಕಿ, ಬೇಳೆ ಡಬ್ಬ.

ಸಂತೆ ದಿನ ಬೆಳಗ್ಗೆ ಹೊಸ ಪೈಪು ಮೇಲೆ ಹೋಯಿತು. ಮುಂದಿನ ಸೇರುವೆಗೆ ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟು ಬಿಗಿದ. ಪೈಪನ್ನು ತೂಗುಹಾಕುವ ರಬ್ಬರುಗಳನ್ನು ಸಿಕ್ಕಿಸಿದ. ಹಿಂದಿನ ಕ್ಲಾಂಪು ಒಂದು ಉಳಿಯಿತು.

ಅದನ್ನು ಬಿಗಿಯುತ್ತ ಬಿಗಿಯುತ್ತ ಅವನ ಕೈ ನಿಂತಿತು.

ಇನ್ನು ಕೆಲವು ಸುತ್ತು ಬಾಕಿ ಇತ್ತು. ಸೇರುವೆಯಲ್ಲಿ ಉಗುರು ಹೋಗುವಷ್ಟು ಸಂದು. ಹೀಗೇ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಒಂದಿಷ್ಟೇ ಒಳಗೆ ಬರುತ್ತದೆ. ತಾನೊಬ್ಬನೇ ಕೂರುವುದು. ಕಂಬಳಿ ಸಿಕ್ಕ ಮೇಲೆ, ಹಾಲಮ್ಮ ಹತ್ತುವ ಮುಂಚೆ, ಬಂದು ಬಿಗಿ ಮಾಡಿದರಾಯಿತು. ಯಾರಿಗೆ ನಷ್ಟ?

ಸ್ಪ್ಯಾನರ್ ತೆಗೆದುಕೊಂಡು ಈಚೆ ಬಂದ.

“ಮುಗೀತಾ?” ಎಂದರು ತಾತಯ್ಯ.

“ಮುಗೀತು.”

ಕಾರನ್ನು ಕಲ್ಲುಗಳಿಂದ ಇಳಿಸಿದರು. ತಾತಯ್ಯ ಗದ್ದುಗೆ ಮನೆಗೆ ಹೋಗಿ ಕಂಬಳಿ ತಂದರು. ಅದನ್ನು ಗೂಟದಿಂದ ಇಳಿಸಿದ್ದನ್ನು ಶಂಭುಲಿಂಗ ನೋಡಿದ್ದು ಅದೇ ಮೊದಲು. ತಾತಯ್ಯ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

“ನೀವ್ಯಾಕೆ ಗುರುಗಳೇ?”

“ನಿನಗೆ ಬಂದದ್ದು ನನಗೂ ಬರ್ತದೇನೋ ನೋಡ್ತೀನಿ.”

ಒಂದು ಕಿಟಕಿ ಏರಿಸಿದರು. ನಿಧಾನವಾಗಿ ಆ ಕಡೆ ಸರಿದು ಇನ್ನೊಂದನ್ನೂ ಏರಿಸಿದರು. ಕಣ್ಣು ಮುಚ್ಚಿಕೊಂಡು, “ಕೀ ತಿರುಗಿಸು” ಎಂದರು.

ಶಂಭುಲಿಂಗ ಮುಂದೆ ಕೂತು ಕೀ ಹಿಡಿದ.

ಮೊಣಕಾಲು ಕುಣಿಯತೊಡಗಿತು. ಕನ್ನಡಿಯಲ್ಲಿ ತಾತಯ್ಯನವರ ಮುಖ ಕಾಣುತ್ತಿತ್ತು. ವಯಸ್ಸಾದ ಮುಖ. ಮಾಗಿ ಬಂದರೆ ಅವರಿಗೆ ಮೊದಲೇ ಉಸಿರು ಕಟ್ಟುತ್ತದೆ. ಒಂದಿಷ್ಟೇ ಹೊಗೆ. ಆದರೆ ಎಷ್ಟು ಒಂದಿಷ್ಟು? ಹಾಲಮ್ಮನ ತಲೆ ಹೇಗೆ ಬಿದ್ದಿತ್ತು. ಕೈಚೀಲ ಕಾಲ ಬಳಿ ಇತ್ತು. ಆ ಮುದುಕಿ ಕೈಯಲ್ಲೂ ಒಂದು ಚೀಲ ಇತ್ತು, ಬಸ್ಸು ಹೊರಟ ಮೇಲೆ ರಸ್ತೆ ಬದಿ ನಿಂತು ಕೈ ಎತ್ತಿದ್ದಳು. ಅವನು ಸೀಟಿ ಊದಿಬಿಟ್ಟಿದ್ದ.

“ಯಾಕೆ ಶಂಭೂ?”

“ಏನಿಲ್ಲ.”

ಶಂಭುಲಿಂಗ ಕೀಯಿಂದ ಕೈ ತೆಗೆದ.

“ತಡೀರಿ ಗುರುಗಳೇ. ಒಂದು ಕ್ಲಾಂಪು…” ಎಂದವನು ಮಾತು ಮುಗಿಸಲಿಲ್ಲ. ಇಳಿದು ಮತ್ತೆ ಜಾಕ್ ಹಾಕಿದ. ತಾತಯ್ಯ ತಾವಾಗಿಯೇ ಇಳಿದು, ಏನೂ ಕೇಳದೆ, ಕಲ್ಲುಗಳನ್ನು ಒಂದೊಂದಾಗಿ ಅವನ ಕಡೆ ಉರುಳಿಸಿದರು.

ಕೆಳಗೆ ಹೋಗಿ ಬಿಗಿದ. ರಟ್ಟೆ ನೋಯುವ ತನಕ ಬಿಗಿದ. ಎಂಜಿನ್ ಶುರು ಮಾಡಿ ಬಂದು, ಸೋಪಿನ ನೀರು ಕಲಸಿ ಎರಡೂ ಸೇರುವೆಗಳಿಗೆ ಸವರಿದ. ಗಾಳಿ ಸೋರಿದರೆ ಗುಳ್ಳೆ ಏಳಬೇಕು. ಏಳಲಿಲ್ಲ. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಸವರಿದ. ಮಲಗಿದಲ್ಲೇ ಅವನ ಕಣ್ಣಿನಿಂದ ನೀರು ಹರಿದು ಕಿವಿಯೊಳಗೆ ಹೋಯಿತು. ಸೋಪಿನ ನೀರು ಬಿತ್ತು ಎಂದುಕೊಂಡ. ಸೋಪಲ್ಲ.

ಕಾರು ಇಳಿಸಿದ ಮೇಲೆ ತಾತಯ್ಯ ಮತ್ತೆ ಹಿಂದಿನ ಸೀಟಿನಲ್ಲಿ ಕೂತರು. ಅವನೂ ಪಕ್ಕ ಕೂತ. ಕಿಟಕಿ ಮುಚ್ಚಿದರು. ಎಂಜಿನ್ ಓಡುತ್ತಿತ್ತು, ಬುಡುಬುಡು ಸದ್ದಿರಲಿಲ್ಲ. ಹೊಂಗೆ ಮರದಲ್ಲಿ ಹಕ್ಕಿ ಕೂಗುವುದು ಕೇಳುತ್ತಿತ್ತು.

ಶಂಭುಲಿಂಗ ಕಣ್ಣು ಮುಚ್ಚಿದ. ಕಾದ.

ಮೊಣಕಾಲು ಕುಣಿಯಿತು. ಬೇಳೆ ಡಬ್ಬ ಬಂತು. ಕಲ್ಲುಗಳನ್ನು ದಾರಿಯಲ್ಲೇ ಬಿಟ್ಟಿದ್ದೇನೆ, ಯಾರಾದರೂ ಎಡವುತ್ತಾರೆ. ಹಾಲಮ್ಮ ಔಷಧಿ ಚೀಟಿ ತಗೊಂಡಳೋ ಇಲ್ಲವೋ. ಯೋಚನೆಗಳು ಬಸ್ಸು ಹತ್ತುವ ಜನರ ಹಾಗೆ ಒಂದರ ಮೇಲೊಂದು ನುಗ್ಗಿದವು. ಬಹಳ ಹೊತ್ತು ಕೂತ. ಒಂದೂ ಇಳಿಯಲಿಲ್ಲ.

ಬಾಗಿಲು ತೆಗೆದು ಹೊರಗೆ ಬಂದು ನೆಲದ ಮೇಲೆ ಕುಕ್ಕರಿಸಿದ.

“ಏನೂ ಬರಲಿಲ್ಲ ಗುರುಗಳೇ.”

“ತಲೆನೋವು?”

“ಇಲ್ಲ.”

“ವಾಕರಿಕೆ?”

“ಅದೂ ಇಲ್ಲ. ಹಸಿವಾಗ್ತಿದೆ.”

“ಹಾಗಾದ್ರೆ ಕೆಲಸ ಚೆನ್ನಾಗಿ ಆಗಿದೆ” ಎಂದರು ತಾತಯ್ಯ.

ಅವನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ದುಃಖ ಬಂತು. ದೊಡ್ಡಯ್ಯನವರಿಗೆ ನಿಂತಿತ್ತಲ್ಲ, ಕೂತ ಹಾಗೇ ಸಮಾಧಿಯಾದರಲ್ಲ, ಅವರಿಗೆ ಬಂದದ್ದು ನನಗ್ಯಾಕೆ ಬರುವುದಿಲ್ಲ ಎಂದು ಕೇಳಿದ.

ತಾತಯ್ಯ ಕಂಬಳಿಯ ಅಂಚು ಸವರುತ್ತ ಹೊಳೆಯ ಕಡೆ ನೋಡಿದರು. ಆಮೇಲೆ ಅವರು ಹೇಳಿದ್ದನ್ನು ಅವನು ಅದಕ್ಕೆ ಮುಂಚೆ ಯಾರ ಬಾಯಲ್ಲೂ ಕೇಳಿರಲಿಲ್ಲ.

“ಹೀಗೇ ಮಾಗಿ ಕಾಲ. ನನಗಾಗ ಜ್ವರ, ನಡುಗ್ತಾ ಇದ್ದೆ. ದೊಡ್ಡಯ್ಯನೋರ ಹತ್ರ ಇದ್ದದ್ದು ಇದೊಂದೇ ಕಂಬಳಿ. ನನಗೆ ಹೊದಿಸಿದರು. ತಮಗೆ ಚಳಿ ಅಂತ ಒಂದು ಅಗ್ಗಿಷ್ಟಿಕೆ ತುಂಬ ಕೆಂಡ ಹಾಕ್ಕೊಂಡು ಒಳಗಿನ ಕೋಣೇಲಿ ಬಾಗಿಲು ಮುಚ್ಚಿ ಕೂತರು.”

ಶಂಭುಲಿಂಗ ತಲೆ ಎತ್ತಿದ.

“ಬೆಳಗ್ಗೆ ಬಾಗಿಲು ಒಡೆದು ಒಳಗೆ ಹೋದೋನು ನಾನೇ. ಮುಖ ಶಾಂತವಾಗಿತ್ತು, ಅದು ನಿಜ. ಹ್ಯಾಗೋ ಎತ್ತಿ ಹೊರಗೆ ತಂದೆ. ಆಗಲೇ ಹೊತ್ತಾಗಿಹೋಗಿತ್ತು. ಜನ ಬಂದು ಸಮಾಧಿ ಅಂದರು. ಅಳ್ತಾ ಇದ್ದೋನು ನಾನೊಬ್ಬನೇ. ಅಗ್ಗಿಷ್ಟಿಕೆ ಅಂತ ಹೇಳಿದೆ. ಯಾರಿಗೂ ಕೇಳಿಸಲಿಲ್ಲ.”

ಹೊಂಗೆ ಎಲೆಯೊಂದು ಕಾರಿನ ಮೇಲೆ ಬಿತ್ತು. ಎಂಜಿನ್ ಓಡುತ್ತಲೇ ಇತ್ತು.

ಅಷ್ಟರಲ್ಲಿ ಹಾಲಮ್ಮ ಕೈಚೀಲ ಹಿಡಿದು ಬಂದಳು. ಹೊತ್ತಾಯಿತು, ಡಾಕ್ಟರು ಎದ್ದು ಹೋಗಿಬಿಡುತ್ತಾರೆ ಎಂದಳು. ಕಾರಿನ ಮುಂದೆ ಒಂದು ಗಳಿಗೆ ಹಿಂಜರಿದಳು. ಶಂಭುಲಿಂಗ ಎದ್ದು ಹೋಗಿ ಕಾರಿನ ಎಲ್ಲ ಕಿಟಕಿಗಳನ್ನೂ ಪೂರ್ತಿ ಇಳಿಸಿದ. ದಾರಿಯಲ್ಲಿದ್ದ ಕಲ್ಲುಗಳನ್ನು ಬದಿಗೆ ಸರಿಸಿದ. ಹಿಂದಿನ ಬಾಗಿಲು ತೆಗೆದು ನಿಂತ.

ಅವಳು ಹತ್ತಿ ಕೂತಳು. ಹೊಳೆಯ ಗಾಳಿ ಒಂದು ಕಿಟಕಿಯಿಂದ ನುಗ್ಗಿ ಇನ್ನೊಂದರಿಂದ ಹೋಯಿತು. ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡಳು.

ತಾತಯ್ಯ ಕಂಬಳಿಯನ್ನು ಬಿಡಿಸಿ ಅವಳಿಗೆ ಹೊದಿಸಿದರು.

“ಅಯ್ಯೋ ಸಾಮಿ, ಗದ್ದುಗೆ ಕಂಬಳಿ” ಎಂದಳು ಹಾಲಮ್ಮ.

“ಚಳಿಗೆ ಕೊಟ್ಟದ್ದು ಕಣವ್ವ. ಹೊದ್ಕೋ.”

ಶಂಭುಲಿಂಗ ನೋಡಿದ. ಮುಂದೆ ಕೂತು ಗೇರ್ ಹಾಕಿದ. ಕಾರು ಎರಡು ಮಾರು ಹೋಗಿ ನಿಂತಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮುಖದ ತುಂಬ ಮಸಿ, ಕಣ್ಣಿನಿಂದ ಕಿವಿಯವರೆಗೆ ಎರಡು ಬಿಳಿ ಗೆರೆ.

“ಗುರುಗಳೇ, ಈಗಲೂ ಓಡ್ತಾನೇ ಇದೆ ನನ್ನ ಮನಸ್ಸು. ನಿಲ್ಲೋ ಹಾಗೇ ಕಾಣೋದಿಲ್ಲ. ನಾನೇನು ಮಾಡಲಿ?”

ತಾತಯ್ಯ ಹತ್ತಿರ ಬಂದು ಕಿಟಕಿಯ ಮೇಲೆ ಕೈಯಿಟ್ಟರು.

“ಬೆಳಗ್ಗೆ ನೀನು ಕೀ ಹಿಡ್ಕೊಂಡಿದ್ದಾಗ ಅದು ನಿಂತುಬಿಟ್ಟಿದ್ರೆ, ಶಂಭೂ, ನಾನಿನ್ನೂ ಆ ಹಿಂದಿನ ಸೀಟಲ್ಲೇ, ದೊಡ್ಡಯ್ಯನೋರ ಹಾಗೆ, ಕೂತಿರ್ತಿದ್ದೆ.”